ಬೆಟ್ಟವಿಲ್ಲದ ಊರಿನ ಎರಡು ಬೆಟ್ಟ

ಆರು ವರ್ಷದ ಮಗುವಿನ ಕೈಗೆ ಡ್ರಾಯಿಂಗ್ ಪುಸ್ತಕ ಕೊಟ್ಟು ‘ಒಂದು ಸೀನರಿ ಬಿಡಿಸು’ ಎಂದರೆ ಏನು ಬರುತ್ತದೆ ಎಂಬುದನ್ನು ಪುಟ ನೋಡದೆಯೇ ಹೇಳಬಹುದು. ತ್ರಿಕೋನದ ಎರಡು ಬೆಟ್ಟ, ಅವುಗಳ ನಡುವೆ ಕಿರಣ ಚಾಚಿದ ಅರ್ಧ ಸೂರ್ಯ, ಬೆಟ್ಟದ ಬುಡದಿಂದ ಹಾವಿನಂತೆ ಇಳಿದು ಬರುವ ನದಿ, ದಡದಲ್ಲೊಂದು ಹೆಂಚಿನ ಮನೆ, ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಆಕಾಶದಲ್ಲಿ ರೆಕ್ಕೆಯ ಎರಡೇ ಗೆರೆಯಾಗಿ ಹಾರುವ ನಾಲ್ಕು ಹಕ್ಕಿ. ಮಲೆನಾಡಿನ ಮಗುವಾದರೆ ಬೆಟ್ಟವನ್ನಾದರೂ ಕಂಡಿರುತ್ತದೆ. ವಿಜಯಪುರದ ಬಯಲಿನ ಮಗುವೂ ಇದನ್ನೇ ಬಿಡಿಸುತ್ತದೆ, ಕಾಶಿಯ ಬಂಗಾಲಿ ಟೋಲಾದ ಮಗುವೂ ಇದನ್ನೇ ಬಿಡಿಸುತ್ತದೆ. ಬಂಗಾಲಿ ಟೋಲಾದ ಗಲ್ಲಿಯಿಂದ ಕೆಲವೇ ನಿಮಿಷ ನಡೆದರೆ ಗಂಗೆಯ ಮೆಟ್ಟಿಲು ಸಿಗುತ್ತವೆ. ಅಲ್ಲಿ ನದಿ ಉತ್ತರಕ್ಕೆ ಹರಿಯುತ್ತದೆ. ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಎದುರು ದಡದಲ್ಲಿ ಊರಿಲ್ಲ, ಬೆಟ್ಟವಿಲ್ಲ, ಚಪ್ಪಟೆಯಾದ ಮರಳು, ಅದರಾಚೆ ತೆಳ್ಳನೆಯ ಮರಗಳ ಸಾಲು. ಸೂರ್ಯ ಹುಟ್ಟುವುದು ಆ ಮರಳಿನ ಅಂಚಿನಿಂದ. ಚಳಿಗಾಲದಲ್ಲಿ ಮಂಜು ಕವಿದಾಗ ಮರಳು ಯಾವುದು, ನೀರು ಯಾವುದು, ಆಕಾಶ ಯಾವುದು ಎಂದು ಗೆರೆ ಎಳೆದು ಹೇಳಲಾಗದು. ಜಗತ್ತಿನ ಪ್ರಸಿದ್ಧ ಸೂರ್ಯೋದಯಗಳಲ್ಲಿ ಒಂದನ್ನು ಮನೆಯ ಹಿಂದೆಯೇ ಇಟ್ಟುಕೊಂಡ ಮಗು, ಎಂದೂ ಕಾಣದ ಎರಡು ಬೆಟ್ಟಗಳ ನಡುವೆ ಸೂರ್ಯನನ್ನು ಹುಟ್ಟಿಸುತ್ತದೆ. ಇದು ಮಗುವಿನ ಕಲ್ಪನೆಯ ಬಡತನವಲ್ಲ. ನಾವು ಅದರ ಕೈಗೆ ಮೊದಲು ಏನನ್ನು ಕೊಟ್ಟೆವು ಎಂಬುದರ ಫಲ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಮಾದರಿ ಚಿತ್ರಕ್ಕಿಂತ, ಪೆನ್ಸಿಲಿನ ಹೊರಗೆರೆಗಿಂತ, ಬಹುಮಾನಕ್ಕಿಂತ ಮೊದಲು ನೀರುಬಣ್ಣ ಸಿಗಬೇಕು, ಅದೂ ಧಾರಾಳವಾಗಿ ನೀರು ಬೆರೆಸಿಕೊಳ್ಳುವ ಸ್ವಾತಂತ್ರ್ಯದ ಜೊತೆಗೆ ಎಂಬುದು ನನ್ನ ವಾದ.

ಬಂಗಾಲಿ ಟೋಲಾವನ್ನೇ ಎತ್ತಿಕೊಳ್ಳಲು ಕಾರಣವಿದೆ. ಕಾಶಿಯಾತ್ರೆ ಮಾಡಿದ ಕನ್ನಡಿಗರಿಗೆ ಈ ಜಾಗ ತೀರಾ ಹೊಸದಲ್ಲ. ವೀರಶೈವರ ಜಂಗಮವಾಡಿ ಮಠ ಇಲ್ಲಿಂದ ಕೂಗಳತೆಯಲ್ಲಿದೆ. ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್ ಕೇದಾರ ಘಾಟಿನಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರ. ದಶಾಶ್ವಮೇಧದಿಂದ ಕೇದಾರದವರೆಗೆ ನದಿಯ ಬೆನ್ನಿಗೇ ಸಾಗುವ ಈ ಇಕ್ಕಟ್ಟಿನ ಗಲ್ಲಿಗಳಲ್ಲಿ ಕಾಶೀವಾಸಕ್ಕೆಂದು, ಓದಿಗೆಂದು, ನೌಕರಿಗೆಂದು ಬಂದ ಬಂಗಾಲಿ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. 1854ರಲ್ಲಿ ಆರಂಭವಾದ ಬಂಗಾಲಿ ಟೋಲಾ ಶಾಲೆ ಈಗ ಇಂಟರ್ ಕಾಲೇಜಾಗಿ ನಡೆಯುತ್ತಿದೆ. ದುರ್ಗಾಪೂಜೆ ಹತ್ತಿರವಾದಂತೆ ಸುತ್ತಲಿನ ಗಲ್ಲಿಗಳಲ್ಲಿ ಹುಲ್ಲು, ಬಿದಿರು, ಮಣ್ಣಿನ ಮೂರ್ತಿಗಳು ಎದ್ದು ನಿಲ್ಲುತ್ತವೆ, ಕೊನೆಗೆ ದೇವಿಯ ಕಣ್ಣು ಬರೆಯುತ್ತಾರೆ. ಬಂಗಾಲಿಗಳ ಪೂಜೆ ಎಲ್ಲಿ ನಡೆದರೂ ಮಕ್ಕಳಿಗಾಗಿ ‘ಬೊಶೆ ಆಂಕೊ’ ಎಂಬ ಸ್ಪರ್ಧೆ ಇರುವುದು ರೂಢಿ. ‘ಕೂತು ಚಿತ್ರ ಬಿಡಿಸು’ ಎಂದಷ್ಟೇ ಅದರ ಅರ್ಥ. ಮಕ್ಕಳಿಗೆ ಹಾಡಿನ ಜೊತೆ ಚಿತ್ರವನ್ನೂ ಕಲಿಸುವುದು ಸಂಸಾರದ ಕರ್ತವ್ಯ ಎಂದು ನಂಬಿದ ಸಮಾಜ ಅದು. ಚಿತ್ರಕಲೆಯೆಂದರೆ ಹೊಟ್ಟೆಗೆ ಹಿಟ್ಟಿಲ್ಲದ ಕೆಲಸ ಎಂದು ಮೂಗು ಮುರಿಯುವ ಜಾಗವಲ್ಲ. ಅಂಥ ಕೇರಿಯ ಮಗುವೂ ಎರಡು ಬೆಟ್ಟವನ್ನೇ ಬಿಡಿಸುತ್ತದೆ ಎಂದಾದರೆ, ಕೊರತೆಯಿರುವುದು ಕಲೆಯ ಮೇಲಿನ ಪ್ರೀತಿಯಲ್ಲಲ್ಲ, ಮೊದಲ ಪಾಠದಲ್ಲಿ.

‘ನೀರುಬಣ್ಣ ಕಷ್ಟದ ಮಾಧ್ಯಮ, ದೊಡ್ಡ ಕಲಾವಿದರೇ ತಿಣುಕುತ್ತಾರೆ, ಸಣ್ಣ ಮಕ್ಕಳಿಗೆ ಕ್ರೇಯಾನ್ಸ್ ಸಾಕು’ ಎನ್ನುವುದು ಈ ವಾದಕ್ಕೆ ಎದುರಾಗುವ ಮೊದಲ ಮಾತು. ಕಷ್ಟ ಯಾರಿಗೆ, ಯಾವಾಗ ಎಂದು ಕೇಳಬೇಕು. ಮನಸ್ಸಿನಲ್ಲಿ ಮೊದಲೇ ಒಂದು ಚಿತ್ರ ಸಿದ್ಧವಾಗಿದ್ದು, ಅದು ಹಾಳೆಯ ಮೇಲೆ ಹಾಗೆಯೇ ಇಳಿಯಬೇಕೆಂದು ಹಟ ಹಿಡಿದವರಿಗೆ ಈ ಬಣ್ಣ ಕಷ್ಟ. ಅದನ್ನು ಒರೆಸಿ ತೆಗೆಯಲಾಗದು, ಹರಿಯಬೇಡ ಎಂದರೆ ಕೇಳದು, ಒಣಗಿದ ಮೇಲೆ ಮಸುಕಾಗುತ್ತದೆ. ಮೂರು ವರ್ಷದ ಮಗುವಿಗೆ ಅಂಥ ಸಿದ್ಧಚಿತ್ರ ಇರುವುದಿಲ್ಲ. ಅದಕ್ಕೆ ಬೇಕಾದದ್ದು ತನ್ನ ಕೈ ಮಾಡಿದ್ದಕ್ಕೆ ಜಗತ್ತು ಏನು ಉತ್ತರ ಕೊಡುತ್ತದೆ ಎಂಬ ಸುದ್ದಿ. ದಪ್ಪನೆಯ ಹಾಳೆಯೊಂದನ್ನು ಒದ್ದೆ ಸ್ಪಂಜಿನಿಂದ ಸವರಿ, ಹಳದಿ ಬಳಿದು, ಅದು ಹಸಿಯಾಗಿರುವಾಗಲೇ ಕುಂಚದ ತುದಿಯಿಂದ ಒಂದು ಹನಿ ನೀಲಿಯನ್ನು ತಾಗಿಸಿ ನೋಡಿ. ಹನಿ ಒಂದು ಕ್ಷಣ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಅದರ ಅಂಚಿನಿಂದ ಕೂದಲೆಳೆಯಂಥ ಬೇರುಗಳು ಹೊರಟು ಹಳದಿಯೊಳಗೆ ಇಳಿಯುತ್ತವೆ, ಯಾರೂ ಹಚ್ಚದ ಹಸಿರು ತಾನಾಗಿ ಕಾಣಿಸಿಕೊಳ್ಳುತ್ತದೆ. ಹಾಳೆ ಅರ್ಧ ಆರಿದ ಮೇಲೆ ಅದೇ ಜಾಗಕ್ಕೆ ಬರಿಯ ನೀರಿನ ಹನಿ ಬಿಟ್ಟರೆ ಬಣ್ಣ ಹಿಂದೆ ಸರಿದು, ಹೂಕೋಸಿನ ಅಂಚಿನಂಥ ಗೆರೆ ಕಟ್ಟುತ್ತದೆ. ಹಾಳೆಯನ್ನು ಓರೆ ಮಾಡಿದರೆ ಬಣ್ಣ ಇಳಿಜಾರಿಗೆ ಓಡುತ್ತದೆ. ಇಷ್ಟನ್ನು ಕಾಣಲು ಕೈಯಲ್ಲಿ ಬಲ ಬೇಕಿಲ್ಲ, ಬೆರಳಿನ ಹಿಡಿತ ಬೇಕಿಲ್ಲ. ಕ್ರೇಯಾನ್ಸಿನಲ್ಲಿ ಗಾಢವಾದ ಬಣ್ಣ ಬರಬೇಕಾದರೆ ಒತ್ತಬೇಕು. ಎಳೆಯ ಬೆರಳು ಬೇಗ ಸೋಲುತ್ತದೆ. ನೀರು ಮುಟ್ಟಿದರೆ ಸಾಕು, ಉತ್ತರ ಕೊಡುತ್ತದೆ. ಕ್ರೇಯಾನ್ಸನ್ನು ಬಿಸಾಕಿ ಎಂದು ಯಾರೂ ಹೇಳುತ್ತಿಲ್ಲ; ಗೆರೆಯ ಸುಖವೇ ಬೇರೆ, ಗೋಡೆ ತುಂಬ ಗೀಚುವ ಮಗುವಿಗೆ ಅದೂ ಬೇಕು. ಗೆರೆಯೊಂದೇ ಗತಿಯಾದಾಗ ಮಾತ್ರ ತೊಂದರೆ. ಆಗ ಬಣ್ಣವೆಂದರೆ ಗೆರೆಯ ಒಳಗೆ ತುಂಬುವ ಸಾಮಾನು ಎಂಬ ತಿಳಿವಳಿಕೆ ಮಗುವಿಗೆ ಮೊದಲೇ ಹತ್ತಿಬಿಡುತ್ತದೆ. ಬಂಗಾಲಿ ಟೋಲಾದ ಜನವರಿಯ ಬೆಳಗನ್ನು ಗೆರೆ ಎಳೆದು ತುಂಬಲು ಬಾರದು.

‘ನೀರು ಜಾಸ್ತಿ ಆಯ್ತು’ ಎನ್ನುವುದು ಚಿತ್ರ ಬಿಡಿಸುವ ಮಗು ಅತಿ ಹೆಚ್ಚು ಸಲ ಕೇಳುವ ಬೈಗುಳ ಇರಬೇಕು. ಬಂಗಾಲದ ಆಧುನಿಕ ಚಿತ್ರಕಲೆ ಹೊರಳು ದಾರಿ ಹಿಡಿದದ್ದು ಈ ‘ಜಾಸ್ತಿ ನೀರಿ’ನಿಂದಲೇ. 1903ರಲ್ಲಿ ಜಪಾನಿನಿಂದ ಕಲ್ಕತ್ತಾಕ್ಕೆ ಬಂದ ಯೊಕೊಯಾಮಾ ಟೈಕಾನ್ ಮತ್ತು ಹಿಶಿದಾ ಶುನ್ಸೋ ಎಂಬ ಚಿತ್ರಕಾರರು ಒದ್ದೆ ಕುಂಚದಿಂದ ಬಣ್ಣವನ್ನು ಮಂಜಿನಂತೆ ಕರಗಿಸುವುದನ್ನು ಅಲ್ಲಿನ ಚಿತ್ರಕಾರ ಅವನೀಂದ್ರನಾಥ ಠಾಕೂರರು ಹತ್ತಿರದಿಂದ ನೋಡಿದರು. ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಣ್ಣ ಹಚ್ಚಿದ ಚಿತ್ರವನ್ನೇ ನೀರಿನಲ್ಲಿ ಅದ್ದಿ, ಆರಿಸಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ಅದ್ದುವ ಕ್ರಮ ಹಿಡಿದರು. ‘ವಾಷ್’ ಶೈಲಿ ಎಂದು ಹೆಸರಾದದ್ದು ಅದೇ. ಕಾಗದದೊಳಕ್ಕೆ ಇಂಗುವಷ್ಟು ಬಣ್ಣ ಉಳಿಯುತ್ತಿತ್ತು, ಮಿಕ್ಕದ್ದು ನೀರಿನ ಪಾಲಾಗುತ್ತಿತ್ತು. ಅದೇ ಅವನೀಂದ್ರನಾಥರ ಬಳಿಗೆ 1909ರಲ್ಲಿ ಮೈಸೂರಿನಿಂದ ಹೋದವರು ಕೆ. ವೆಂಕಟಪ್ಪ. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದಿಂದ ಕಲ್ಕತ್ತಾದಲ್ಲಿ ಕಲಿತು ಮರಳಿದ ಅವರು ಮುಂದೆ ಊಟಿ, ಕೊಡೈಕೆನಾಲ್‌ಗಳ ಮಂಜು, ಮೋಡ, ಮಳೆ ನಿಂತ ಮೇಲಿನ ಬೆಳಕನ್ನು ನೀರುಬಣ್ಣದಲ್ಲಿ ಹಿಡಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಕಲಾ ಗ್ಯಾಲರಿ ಇದೆ. ಹಾಗಾಗಿ ಬಂಗಾಲದ ಒದ್ದೆ ಹಾಳೆಗೂ ನಮಗೂ ಸಂಬಂಧ ಹಳೆಯದು. ಕಾಶಿಗೂ ಇಂಥದೊಂದು ನಂಟಿದೆ. ಮಕ್ಕಳಿಗಾಗಿ ಅಸಂಬದ್ಧ ಪದ್ಯಗಳನ್ನು ಬರೆದು ಹೆಸರಾದ ಎಡ್ವರ್ಡ್ ಲಿಯರ್ ನೀರುಬಣ್ಣದ ನುರಿತ ಚಿತ್ರಕಾರ ಕೂಡ. 1873ರ ಡಿಸೆಂಬರಿನಲ್ಲಿ ಅವರು ಈ ಘಾಟುಗಳನ್ನು ಚಿತ್ರಿಸಿದರು. ನೀರು ಬಣ್ಣವನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಬಲ್ಲ ದೊಡ್ಡವರು ಮಗುವಿನ ಹಾಳೆಯಲ್ಲಿ ಕೊಚ್ಚೆಯನ್ನಷ್ಟೇ ಕಾಣಲಾರರು.

ಇಲ್ಲೊಂದು ಗಂಭೀರ ಆಕ್ಷೇಪಕ್ಕೆ ಎಡೆಯಿದೆ. ವೆಂಕಟಪ್ಪನವರಾಗಲಿ ಅವನೀಂದ್ರನಾಥರಾಗಲಿ ನೀರನ್ನು ಹರಿಯಲು ಬಿಟ್ಟು ಕೈಕಟ್ಟಿ ಕೂತವರಲ್ಲ. ವೆಂಕಟಪ್ಪನವರದು ಮೈಸೂರಿನ ಚಿತ್ರಗಾರರ ಮನೆತನದ ಕಟ್ಟುನಿಟ್ಟಿನ ಕೈ. ಶಿಸ್ತಿಲ್ಲದೆ ಕಲೆಯಿಲ್ಲ, ಹೇಳಿಕೊಡದಿದ್ದರೆ ಮಗು ಅಲ್ಲೇ ಉಳಿಯುತ್ತದೆ ಎಂದು ಹೇಳುವವರ ಮಾತು ಸುಳ್ಳಲ್ಲ. ಆದರೆ ಯಾವ ವಯಸ್ಸಿಗೆ ಯಾವ ಶಿಸ್ತು ಎಂಬುದನ್ನು ಬಿಡಿಸಿ ನೋಡಬೇಕು. ಮಕ್ಕಳ ಚಿತ್ರಗಳನ್ನು ಅಭ್ಯಾಸ ಮಾಡಿದವರು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ನಡೆಯನ್ನು ಕಂಡಿದ್ದಾರೆ. ಎರಡು ಮೂರರ ವಯಸ್ಸಿನಲ್ಲಿ ಗೀಚು. ನಾಲ್ಕರ ಹೊತ್ತಿಗೆ ದುಂಡು ತಲೆಗೆ ನೇರವಾಗಿ ಕಾಲು ಅಂಟಿಸಿದ ಮನುಷ್ಯ. ಆರೇಳರ ಹೊತ್ತಿಗೆ ಕೆಳಗೆ ನೆಲದ ಗೆರೆ, ಮೇಲೆ ಆಕಾಶದ ಪಟ್ಟಿ. ಒಂಬತ್ತು ಹತ್ತರ ಸುಮಾರಿಗೆ ‘ನೋಡಿದ ಹಾಗೇ ಬರಬೇಕು’ ಎಂಬ ಹಂಬಲ. ಆ ಹಂಬಲ ಹುಟ್ಟಿದಾಗ ಕಲಿಸಬೇಕು, ಚೆನ್ನಾಗಿಯೇ ಕಲಿಸಬೇಕು. ನೆರಳು ಬೀಳುವ ಬಗೆ, ದೂರದ್ದು ಚಿಕ್ಕದಾಗುವ ಬಗೆ, ಒಂದರ ಮೇಲೊಂದು ತೆಳು ಬಣ್ಣ ಹಚ್ಚುವ ಬಗೆ ಎಲ್ಲವೂ ಆಗ ಮಗುವಿಗೆ ಬೇಕಾದ ಉತ್ತರಗಳಾಗಿರುತ್ತವೆ. ನಾವು ಮಾಡುತ್ತಿರುವುದು ಪ್ರಶ್ನೆ ಹುಟ್ಟುವ ಮೊದಲೇ ಉತ್ತರವನ್ನು ಬಾಯಿಗೆ ತುರುಕುವ ಕೆಲಸ. ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋದ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಅವರ ಪುಸ್ತಕ 1947ರಲ್ಲಿ ಮೊದಲು ಬಂದು ಹಲವು ಮುದ್ರಣ ಕಂಡಿತು. ಬಣ್ಣ ತುಂಬುವ ಪುಸ್ತಕಗಳ ಬಗ್ಗೆ ಅದರಲ್ಲೊಂದು ಉದಾಹರಣೆಯಿದೆ. ಮಗುವೊಂದು ಮೊದಲು ತನ್ನದೇ ಹಕ್ಕಿಯನ್ನು ಬಿಡಿಸಿತ್ತು. ಆಮೇಲೆ ಅಭ್ಯಾಸ ಪುಸ್ತಕದ ಹಕ್ಕಿಯನ್ನು ನಕಲು ಮಾಡಿತು. ಮತ್ತೆ ಹಕ್ಕಿ ಬಿಡಿಸು ಎಂದಾಗ ಬಂದದ್ದು ಪುಸ್ತಕದ ಹಕ್ಕಿಯೇ, ಮೊದಲಿನದು ಮರಳಲಿಲ್ಲ. ನಮ್ಮ ಎರಡು ಬೆಟ್ಟದ ಕತೆಯೂ ಇದೇ.

ಈ ಮಾತನ್ನು ನಮ್ಮ ನೆಲದಲ್ಲೇ ನಿಂತು ಹೇಳಿದವರೂ ಇದ್ದಾರೆ. ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ, ಗಾಂಧೀಜಿಯವರ ನಯೀ ತಾಲೀಮ್ ಶಾಲೆಯಲ್ಲಿ ಹಳ್ಳಿಯ ಮಕ್ಕಳಿಗೆ ವರ್ಷಗಟ್ಟಲೆ ಚಿತ್ರಕಲೆಯ ಮೇಷ್ಟ್ರಾಗಿದ್ದರು. ಕಲೆಯೇ ಶಿಕ್ಷಣದ ತಳಹದಿ ಎಂದು ಅವರು ಬರೆದದ್ದು ಆ ಅನುಭವದ ಮೇಲೆ. ಮಕ್ಕಳನ್ನು ಚಿತ್ರಕಾರರನ್ನಾಗಿ ತಯಾರು ಮಾಡುವುದು ಅವರ ಗುರಿಯಾಗಿರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಾಡಿದ ಪ್ರಯೋಗಗಳ ಹಿಂದೆಯೂ ಮಗು ತನ್ನ ಕೈ, ಮೈ, ಕಣ್ಣುಗಳಿಂದ ಕಲಿಯಬೇಕೆಂಬ ಇದೇ ನಂಬಿಕೆಯಿತ್ತು. ಇವರ ಮಾತು ಕೇಳಿ ತಲೆಯಾಡಿಸಿದ ನಾವು ಮನೆಗೆ ಬಂದು ಮಗುವಿಗೆ ಇಪ್ಪತ್ತನಾಲ್ಕು ಬಣ್ಣದ ಸ್ಕೆಚ್ ಪೆನ್ನನ್ನೂ ಮಾದರಿ ಪುಸ್ತಕವನ್ನೂ ಕೊಡಿಸುತ್ತೇವೆ. ಬಂಗಾಲಿಗಳಲ್ಲಿ ಸರಸ್ವತಿ ಪೂಜೆಯ ದಿನ ಮಗುವಿನ ಕೈ ಹಿಡಿದು ಮೊದಲ ಅಕ್ಷರ ಬರೆಸುವ ‘ಹಾತೆ ಖೊಡಿ’ ಇದೆ, ನಮ್ಮಲ್ಲಿ ಅಕ್ಕಿಯ ಮೇಲೆ ಬರೆಸುವ ಅಕ್ಷರಾಭ್ಯಾಸ ಇದೆ. ಅಕ್ಷರ ಎಲ್ಲರಿಗೂ ಒಂದೇ, ಆದ್ದರಿಂದ ಕೈ ಹಿಡಿದು ಬರೆಸುವುದು ಸರಿ. ಚಿತ್ರವನ್ನೂ ಅಕ್ಷರದಂತೆಯೇ ಕೈ ಹಿಡಿದು ಬರೆಸಿದ್ದೇ ತಪ್ಪಾಯಿತು.

ಇನ್ನು ಸ್ಪರ್ಧೆಯ ವಿಷಯ. ಮಕ್ಕಳ ಚಿತ್ರವನ್ನು ಸಮಾಜ ಗೌರವದಿಂದ ನೋಡುವಂತೆ ಮಾಡಿದ್ದರಲ್ಲಿ ಸ್ಪರ್ಧೆಗಳ ಪಾಲು ದೊಡ್ಡದು. 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಆರಂಭಿಸಿದ ಸ್ಪರ್ಧೆ ಮುಂದೆ ಲೋಕದ ಹಲವು ದೇಶಗಳ ಮಕ್ಕಳನ್ನು ಸೆಳೆಯಿತು. ಹತ್ತು ವರ್ಷ ದಾಟಿದವರಿಗೆ ಸ್ಪರ್ಧೆಯ ಹುರುಪು ಒಳ್ಳೆಯದೇ ಇರಬಹುದು. ಐದು ವರ್ಷದ ಮಗುವಿಗೆ ಅದು ಬೇರೆಯದನ್ನೇ ಕಲಿಸುತ್ತದೆ. ಪೆಂಡಾಲಿನಲ್ಲಿ ಜಮಖಾನೆಯ ಮೇಲೆ ಮಕ್ಕಳು ಸಾಲಾಗಿ ಕೂತಿರುತ್ತಾರೆ, ಹಗ್ಗದಾಚೆ ತಾಯ್ತಂದೆಯರು ನಿಂತು ‘ಸೂರ್ಯನಿಗೆ ಕಿತ್ತಳೆ ಹಾಕು, ಬೇಗ ಬೇಗ’ ಎಂದು ಸನ್ನೆ ಮಾಡುತ್ತಿರುತ್ತಾರೆ. ಒಂದು ಗಂಟೆಯೊಳಗೆ ಹಾಳೆ ತುಂಬಬೇಕು, ತೀರ್ಪುಗಾರರು ಎರಡು ಮಾರು ದೂರದಿಂದ ನೋಡಿದರೂ ಏನಿದೆ ಎಂದು ತಿಳಿಯಬೇಕು. ಇಂಥ ಕಡೆ ಗೆಲ್ಲುವುದು ಬಾಯಿಪಾಠದ ಚಿತ್ರ. ಅದಕ್ಕೆ ಒಣಗಲು ಹೊತ್ತು ಬೇಡ, ಕೈತಪ್ಪುವ ಭಯವಿಲ್ಲ. ನೀರುಬಣ್ಣ ಹಿಡಿದು ಕೂತ ಮಗು ಆರಲಿ ಎಂದು ಕಾಯುತ್ತಿರುವಾಗಲೇ ಗಂಟೆ ಬಾರಿಸಿಬಿಡುತ್ತದೆ. ಕಾಯುವುದು ಈ ಬಣ್ಣದ ಅರ್ಧ ಪಾಠ. ಕಾಶಿಯ ಮೇ ತಿಂಗಳ ಬಿಸಿಗಾಳಿಗೆ ಹಾಳೆ ನಿಮಿಷಗಳಲ್ಲಿ ಆರುತ್ತದೆ, ಶ್ರಾವಣದ ಮಳೆಯಲ್ಲಿ ಮಧ್ಯಾಹ್ನವೆಲ್ಲ ಹಸಿಯಾಗಿಯೇ ಇರುತ್ತದೆ. ಹವೆಗೂ ನೀರಿಗೂ ಕಾಗದಕ್ಕೂ ಇರುವ ಸಂಬಂಧವನ್ನು ಮಗು ಯಾರ ಪಾಠವೂ ಇಲ್ಲದೆ ಬೆರಳ ತುದಿಯಿಂದ ತಿಳಿಯುತ್ತದೆ.

ಖರ್ಚು, ಗಲೀಜು, ಜಾಗ ಎಂಬ ಮೂರು ತಕರಾರುಗಳು ಪೋಷಕರವು, ಅವು ನ್ಯಾಯವಾದವೂ ಹೌದು. ಬಂಗಾಲಿ ಟೋಲಾದ ಹಳೆಯ ಮನೆಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಅಲ್ಲಿ ಮಗುವಿಗೆ ಚಿತ್ರದ ಮೇಜು ಎಲ್ಲಿಂದ ಬರಬೇಕು? ಬೇಕಿಲ್ಲ. ಅಡುಗೆ ಮನೆಯ ಬಾಗಿಲ ಬಳಿ ಒಂದು ಮೊಳ ಜಾಗ, ಅಗಲ ಬಾಯಿಯ ಎರಡು ಲೋಟ, ಒಂದರಲ್ಲಿ ಕುಂಚ ತೊಳೆಯಲು, ಇನ್ನೊಂದರಲ್ಲಿ ಬಣ್ಣಕ್ಕೆ ಬೆರೆಸಲು ನೀರು, ಒರೆಸಲು ಹಳೆಯ ಬನಿಯನ್ನಿನ ತುಂಡು, ಹಾಳೆ ಇಡಲು ಪ್ಲೈವುಡ್ ಚೂರು. ನೀರುಬಣ್ಣವೆಂದರೆ ಬಣ್ಣದ ಪುಡಿ ಮತ್ತು ಜಾಲಿ ಜಾತಿಯ ಮರದ ಗೋಂದು. ಹಸಿಯಿದ್ದಾಗ ಒರೆಸಿದರೆ ನೆಲದಿಂದ ಹೋಗುತ್ತದೆ. ಎಣ್ಣೆಬಣ್ಣದ ಹಾಗೆ ಟರ್ಪೆಂಟೈನ್ ಬೇಡ, ವಾಸನೆಯಿಲ್ಲ. ಮಕ್ಕಳು ಕುಂಚವನ್ನು ಬಾಯಿಗಿಡುತ್ತಾರೆ, ಹಾಗಾಗಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ದೊಡ್ಡವರ ಬಣ್ಣ ಖಂಡಿತ ಬೇಡ; ಮಕ್ಕಳಿಗೆಂದೇ ಮಾಡಿದ, ವಿಷವಿಲ್ಲವೆಂದು ಡಬ್ಬಿಯ ಮೇಲೆ ನಮೂದಿಸಿದ ಕೇಕ್ ಬಣ್ಣ ಸಾಕು. ಖರ್ಚಿನ ವಿಷಯದಲ್ಲಿ ನಾವು ಹಣ ಸುರಿಯುವ ಜಾಗವೇ ತಪ್ಪು. ಇಪ್ಪತ್ತನಾಲ್ಕು ಬಣ್ಣದ ಡಬ್ಬಿ ಕೊಂಡು, ತೆಳು ಕಾಗದದ ಡ್ರಾಯಿಂಗ್ ಪುಸ್ತಕದಲ್ಲಿ ಬಿಡಿಸು ಎನ್ನುತ್ತೇವೆ. ಆ ಕಾಗದ ನೀರು ಕಂಡೊಡನೆ ಹಪ್ಪಳದಂತೆ ಏಳುತ್ತದೆ, ಎರಡನೆಯ ಸಲ ಉಜ್ಜಿದರೆ ಪುಡಿಪುಡಿಯಾಗಿ ಏಳುತ್ತದೆ, ಮಗು ತನಗೇ ಬರುವುದಿಲ್ಲ ಎಂದು ತಿಳಿಯುತ್ತದೆ. ತಪ್ಪು ಕಾಗದದ್ದು. ಹಳದಿ, ಕೆಂಪು, ನೀಲಿ ಎಂಬ ಮೂರೇ ಬಣ್ಣ ಕೊಟ್ಟು, ಉಳಿದ ದುಡ್ಡಿಗೆ ಇನ್ನೂರು ಜಿಎಸ್‌ಎಂಗಿಂತ ದಪ್ಪದ ಹಾಳೆಯನ್ನು ಬಿಡಿಯಾಗಿ ಕೊಂಡು, ಒಂದನ್ನು ನಾಲ್ಕು ತುಂಡು ಮಾಡಿ ಕೊಡಿ. ಕುಂಚವೂ ಒಂದೇ ಸಾಕು, ಎಂಟನೆಯದೋ ಹತ್ತನೆಯದೋ ನಂಬರಿನ ದುಂಡು ಕುಂಚ. ಸೂಜಿಯಂಥ ಸಣ್ಣ ಕುಂಚ ಕೊಟ್ಟರೆ ಮಗು ಮತ್ತೆ ಗೆರೆಯ ಹಿಂದೆಯೇ ಹೋಗುತ್ತದೆ. ಮೂರೇ ಬಣ್ಣದಿಂದ ಹಸಿರು, ಕಿತ್ತಳೆ, ನೇರಳೆ ಹುಟ್ಟುವುದನ್ನು ಮಗು ತಾನೇ ಕಂಡುಕೊಳ್ಳಬೇಕು. ಎಲ್ಲ ಬೆರೆತು ಮಣ್ಣು ಬಣ್ಣ ಆದಾಗ ನಾವು ‘ಹಾಳಾಯ್ತು’ ಎನ್ನುತ್ತೇವೆ. ಮಳೆಗಾಲದ ಗಂಗೆಯ ಬಣ್ಣ ಅದೇ ಅಲ್ಲವೇ?

ಮನೆಯಲ್ಲಿ ಅನುಕೂಲವಿಲ್ಲದ ಮಕ್ಕಳಿಗೆ ಇದನ್ನು ಶಾಲೆ ಕೊಡಬೇಕು, ಕೊಡುತ್ತಿದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡಿದರೆ ಉತ್ತರ ಅಲ್ಲೇ ಇದೆ. ಆರರಿಂದ ಎಂಟನೆಯ ತರಗತಿಯವರೆಗಿನ ಶಾಲೆಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದು ಅದು ಹೇಳುತ್ತದೆ. ಒಂದರಿಂದ ಐದನೆಯ ತರಗತಿಗೆ ಅಂಥ ಮಾತೇ ಇಲ್ಲ. ಎಂದರೆ ಕಾನೂನಿನ ಲೆಕ್ಕದಲ್ಲಿ ಮಗುವಿಗೆ ಚಿತ್ರದ ಮೇಷ್ಟ್ರು ಸಿಗುವುದು ಹನ್ನೊಂದರ ವಯಸ್ಸಿನಲ್ಲಿ. ಆ ವೇಳೆಗೆ ‘ನನಗೆ ಡ್ರಾಯಿಂಗ್ ಬರಲ್ಲ’ ಎಂದು ತೀರ್ಮಾನಿಸಿ ಪುಸ್ತಕ ಮುಚ್ಚಿಟ್ಟ ಮಕ್ಕಳು ಎಷ್ಟೋ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆಯಲ್ಲಿ ಕಲೆಗೆ ಜಾಗ ಕೊಟ್ಟಿದೆ. ಆದರೆ ಚೌಕಟ್ಟು ಅಂಗನವಾಡಿಗೆ ಹಾಳೆ ತಂದು ಕೊಡುವುದಿಲ್ಲ. ಪರಿಣತ ಶಿಕ್ಷಕರಿಲ್ಲದೆ ಸಣ್ಣ ಮಕ್ಕಳ ಕೈಗೆ ಬಣ್ಣ ಕೊಟ್ಟರೆ ಪ್ರಯೋಜನವೇನು ಎಂಬ ಪ್ರಶ್ನೆಯನ್ನು ಇಲ್ಲಿ ಕೇಳುತ್ತಾರೆ. ಪರಿಣತರು ಬೇಕಿಲ್ಲದಿರುವುದೇ ಈ ವಯಸ್ಸಿನ ಅನುಕೂಲ. ಅಂಗನವಾಡಿ ಕಾರ್ಯಕರ್ತೆಗೆ ಚಿತ್ರ ಬಿಡಿಸಲು ಬರಬೇಕಾಗಿಲ್ಲ; ನೀರು ಬದಲಿಸಿ ಕೊಡಬೇಕು, ಹಾಳೆಯ ಹಿಂದೆ ಹೆಸರು, ತಾರೀಖು ಬರೆಯಬೇಕು, ಏನು ಬಿಡಿಸಿದ್ದೀಯ ಎಂದು ಪಟ್ಟು ಹಿಡಿದು ಕೇಳದೆ ಇರಬೇಕು. ಕರ್ನಾಟಕದಲ್ಲಿ ಲೋವರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟುವ ಪ್ರೌಢಶಾಲೆಯ ಮಕ್ಕಳಿಗೆ ಬೇಕಾದ ನುರಿತ ಕೈಯ ಮೇಷ್ಟ್ರು ಬೇರೆ. ಅವರ ಕೊರತೆಯನ್ನು ನೆಪ ಮಾಡಿ ಪುಟ್ಟ ಮಕ್ಕಳಿಂದ ನೀರು ಕಸಿಯಬಾರದು.

ಒಂದು ಕೋರಿಕೆ ಇದೆ, ಬಂಗಾಲಿ ಟೋಲಾದ ಪೂಜಾ ಸಮಿತಿಗಳಿಗೂ, ನಮ್ಮೂರುಗಳ ಗಣೇಶೋತ್ಸವ, ರಾಜ್ಯೋತ್ಸವ ಸಮಿತಿಗಳಿಗೂ. ಚಿತ್ರ ಸ್ಪರ್ಧೆಯ ಅತಿ ಕಿರಿಯರ ವಿಭಾಗವನ್ನು ಈ ವರ್ಷದಿಂದ ಸ್ಪರ್ಧೆಯ ಪಟ್ಟಿಯಿಂದ ತೆಗೆದುಬಿಡಿ. ವಿಷಯ ಕೊಡಬೇಡಿ, ಗಂಟೆ ಬಾರಿಸಬೇಡಿ, ಮೊದಲು ಎರಡನೆಯದು ಎಂದು ಕರೆಯಬೇಡಿ. ಅಷ್ಟೇ ದುಡ್ಡಿನಲ್ಲಿ ಒಂದು ಬಂಡಿ ದಪ್ಪ ಹಾಳೆ, ಮೂರು ಬಣ್ಣ, ಬಕೆಟ್ ನೀರು ತರಿಸಿ, ಹಾಳೆಗಳನ್ನು ಮೊದಲೇ ಒದ್ದೆ ಮಾಡಿ ಮಕ್ಕಳ ಮುಂದಿಡಿ. ತಾಯ್ತಂದೆಯರು ಹಗ್ಗದಿಂದ ಇನ್ನೂ ಹತ್ತು ಹೆಜ್ಜೆ ಹಿಂದೆ ನಿಲ್ಲಲಿ. ಮುಗಿದ ಚಿತ್ರಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಪೆಂಡಾಲಿನ ಸುತ್ತ ಹಗ್ಗಕ್ಕೆ ತೂಗುಹಾಕಿ, ಎಲ್ಲವನ್ನೂ, ಒಂದನ್ನೂ ಬಿಡದೆ. ಕೆಲವು ಹಾಳೆಗಳಿಂದ ನೀಲಿ ನೀರು ತೊಟ್ಟಿಕ್ಕುತ್ತಿರುತ್ತದೆ. ಕೆಳಗೆ ಹಳೆಯ ಪತ್ರಿಕೆ ಹಾಸಿದರೆ ಸಾಕು.